ನಾಟಿ ಮದ್ದು ಕುಡಿಯುವ ಮುಂಚೆ ಗಿಡದ ಹೆಸರು ಕೇಳಿ

ಹೋದ ವರ್ಷ ಅಡಿಕೆ ಸುಲಿಯುವ ಹೊತ್ತಿನ ಮಾತು. ಶಿರಸಿಯ ಚಳಿ ರಾತ್ರಿ, ಜಗಲಿಯಲ್ಲಿ ಕೂತವರೆಲ್ಲ ಶಾಲು ಹೊದ್ದಿದ್ದೆವು. ಮೆಟ್ಟುಗತ್ತಿಯ ಮುಂದೆ ಕೂತಿದ್ದ ದೊಡ್ಡಪ್ಪ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈಯಲ್ಲಿದ್ದ ಅಡಿಕೆ ಜಾರಿ ಬಿತ್ತು. "ಏನಾಯ್ತು ದೊಡ್ಡಪ್ಪ?" ಅಂದರೆ ಮಾತು ತೊದಲಿತು. ಸಕ್ಕರೆ ಕಾಯಿಲೆ ಇರುವವರು ಅಂತ ಗೊತ್ತಿದ್ದರಿಂದ ಅಣ್ಣ ಓಡಿಹೋಗಿ ಗ್ಲುಕೋಮೀಟರ್ ತಂದ. 46 ತೋರಿಸಿತು, ಸಕ್ಕರೆ ತೀರಾ ಇಳಿದುಹೋಗಿತ್ತು. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆವು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ 80 ದಾಟಿತ್ತು. ಅಷ್ಟು ಹೊತ್ತೂ ನನ್ನ ಕಣ್ಣು ಅವರ ಕಾಲ ಬಳಿ ಇದ್ದ ಕತ್ತಿಯ ಮೇಲೇ ಇತ್ತು.

ಮರುದಿನ ಡಾಕ್ಟರು ಕೇಳಿದರು, "ಬೇರೆ ಏನಾದ್ರೂ ಔಷಧಿ ತಗೊಳ್ತಾ ಇದ್ರಾ?" ದೊಡ್ಡಪ್ಪ, "ಇಲ್ಲ ಡಾಕ್ಟ್ರೇ, ನೀವು ಕೊಟ್ಟದ್ದು ಮಾತ್ರ" ಅಂದರು. ಅವರು ಸುಳ್ಳು ಹೇಳಲಿಲ್ಲ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಒಂದು ಲೋಟ ಹಾಗಲಕಾಯಿ ರಸ, ಸಂಜೆ ಯಾರೋ ತಂದುಕೊಟ್ಟ ಮಧುನಾಶಿನಿ ಎಲೆಯ ಪುಡಿ ನಡೆದಿತ್ತು. ಎರಡೂ ಸಕ್ಕರೆ ಇಳಿಸುವ ಸಾಮಾನುಗಳೇ. ಮಾತ್ರೆಯೂ ಇಳಿಸುತ್ತಿತ್ತು. ಮೂರೂ ಸೇರಿ ಅಂದು ರಾತ್ರಿ ಹಾಗಾಯಿತು. ಮನೆಗೆ ಬಂದ ಮೇಲೆ ಕೇಳಿದರೆ, "ಅದು ಸೊಪ್ಪಲ್ವಾ, ಔಷಧಿ ಎಲ್ಲಿ?" ಅಂದರು.

ಆ ಒಂದು ಮಾತಿನಿಂದಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಅಮ್ಮಮ್ಮನ ಕಷಾಯ ಕುಡಿದು ಬೆಳೆದವಳು. ಒಂದೆಲಗದ ತಂಬುಳಿ ಇಲ್ಲದ ಮಳೆಗಾಲ ನನಗೆ ನೆನಪಿಲ್ಲ. ನಾಟಿ ಮದ್ದು ಬಿಡಿ ಅಂತ ಹೇಳುವುದಿಲ್ಲ. ಆದರೆ ಮದ್ದನ್ನು ಮದ್ದು ಅಂತ ಒಪ್ಪಿಕೊಂಡೇ ತೆಗೆದುಕೊಳ್ಳಬೇಕು. ರೋಗ ಇಳಿಸುವ ಶಕ್ತಿ ಇದೆ ಅಂದಮೇಲೆ ತೊಂದರೆ ಕೊಡುವ ಶಕ್ತಿಯೂ ಅದಕ್ಕೆ ಇದ್ದೇ ಇರುತ್ತದೆ. ಸರ್ಪಗಂಧದ ಬೇರನ್ನೇ ನೋಡಿ. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುತ್ತದೆ ಅಂತ ಬರೆದ ಮೇಲೆ ಪ್ರಪಂಚವೆಲ್ಲ ಅದರ ಕಡೆ ತಿರುಗಿತು. ಅದರಿಂದ ರಿಸರ್ಪಿನ್ ಎಂಬ ಮಾತ್ರೆಯೂ ಬಂತು. ಅದೇ ಬೇರು ಜಾಸ್ತಿಯಾದರೆ ಬಿಪಿ ಕುಸಿಯುತ್ತದೆ, ಮನಸ್ಸು ಕುಗ್ಗುತ್ತದೆ. "ಗಿಡದ್ದು, ಹಾಗಾಗಿ ಸೈಡ್ ಎಫೆಕ್ಟ್ ಇಲ್ಲ" ಅನ್ನುವುದು ನಮ್ಮ ಕಡೆಯ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ.

ನಾವು ಈಗ ಮನೆಯಲ್ಲಿ ಪಾಲಿಸುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ.

1. ಮೊದಲು ಇದು ಮನೆಮದ್ದಿನ ಕಾಯಿಲೆಯೇ ಅಂತ ನೋಡಿ

ನೆಗಡಿ, ಸಣ್ಣ ಕೆಮ್ಮು, ಅಜೀರ್ಣ, ಉಷ್ಣದ ಬಾಯಿಹುಣ್ಣು ಇಂಥವಕ್ಕೆ ಎರಡು ಮೂರು ದಿನ ಮನೆಮದ್ದು ಮಾಡಿ, ಅಡ್ಡಿಯಿಲ್ಲ. ಕೆಲವು ಕಾಯಿಲೆಗಳಲ್ಲಿ ಮಾತ್ರ ಆ ಎರಡು ದಿನವೇ ಜೀವ ತೆಗೆಯುತ್ತದೆ.

ಹಾವು ಕಚ್ಚಿದರೆ ಯಾವ ಬೇರೂ ಬೇಡ. ಕೈಕಾಲು ಅಲುಗಾಡಿಸದೆ, ಬಿಗಿಯಾಗಿ ಕಟ್ಟದೆ, ಕೊಯ್ಯದೆ ಸೀದಾ ಆಸ್ಪತ್ರೆ. "ನಮ್ಮೂರ ಅಜ್ಜನ ಬೇರಿಗೆ ಎಷ್ಟು ಜನ ಬದುಕಿಲ್ಲ!" ಅನ್ನುವವರಿದ್ದಾರೆ. ನಿಜ, ಬದುಕಿದ್ದಾರೆ. ತೋಟದಲ್ಲಿ ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಹಾಗೆ ಉಳಿದವರೆಲ್ಲ ಬೇರಿನ ಲೆಕ್ಕಕ್ಕೆ ಸೇರುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ ನಿಜವಾಗಿ ವಿಷ ಬಿಟ್ಟಿದ್ದರೆ ಅದನ್ನು ತಡೆಯುವುದು ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಇಂಜೆಕ್ಷನ್ ಒಂದೇ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಷ್ಟು ಗಂಭೀರ ವಿಷಯ ಇದು.

ನಾಯಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಲಸಿಕೆಗೆ ಹೋಗಿ. ಅರಿಶಿನ, ಸುಣ್ಣ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದು ಯಾವ ಪದ್ಧತಿಯಲ್ಲೂ ಇಲ್ಲ.

ಕಾಮಾಲೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಣ್ಣು ಹಳದಿಯಾದ ಕೂಡಲೇ ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುವುದು ನಮ್ಮ ರೂಢಿ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಕೀರ್ತಿ ನೆಲನೆಲ್ಲಿಗೆ ಹೋಗುತ್ತದೆ. ನೆಲನೆಲ್ಲಿಯ ಮೇಲೆ ಪ್ರಯೋಗಗಳೂ ಆಗಿವೆ. 1988ರಲ್ಲಿ ಮದ್ರಾಸಿನ ಒಂದು ಅಧ್ಯಯನ ಹೆಪಟೈಟಿಸ್ ಬಿ ವಿಷಯದಲ್ಲಿ ಭಾರೀ ಆಸೆ ಹುಟ್ಟಿಸಿತ್ತು. ಆಮೇಲೆ ಬೇರೆ ಕಡೆ ಮಾಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಕಣ್ಣು ಹಳದಿಯಾಗಲು ಕಾರಣ ಒಂದೇ ಅಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಹಳದಿಯೇ, ಗಡ್ಡೆಯಾದರೂ ಹಳದಿಯೇ. ಮಳೆಗಾಲದಲ್ಲಿ ಗದ್ದೆಯ ನೀರಿನಿಂದ ಬರುವ ಇಲಿಜ್ವರ ಜೋರಾದರೂ ಕಣ್ಣು ಹಳದಿಯಾಗುತ್ತದೆ, ಅದರ ಜೊತೆ ಕಿಡ್ನಿಯೂ ಕೈಕೊಡುತ್ತದೆ. ಇಲಿಜ್ವರಕ್ಕೆ ಬೇಗ ಆಂಟಿಬಯಾಟಿಕ್ ಬಿದ್ದರೆ ಜೀವ ಉಳಿಯುತ್ತದೆ. ಹಾಗಾಗಿ ಕಾಮಾಲೆಗೆ ರಕ್ತ ಪರೀಕ್ಷೆ ಮೊದಲು. ಉಳಿದದ್ದೆಲ್ಲ ಆಮೇಲೆ.

ಡಿಸೆಂಬರಿನಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಕಷಾಯ ಕುದಿಸುತ್ತಾ ಕೂರಬೇಡಿ. ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ರೋಗ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಬಿಟ್ಟುಹೋಗಿಲ್ಲ.

ಇನ್ನು ಲಕ್ವ. ಅಂಕೋಲೆಯ ಕಡೆ ಲಕ್ವಕ್ಕೆ ಎಣ್ಣೆ, ಮದ್ದು ಕೊಡುವ ಮನೆತನಗಳು ಹೆಸರುವಾಸಿ. ದೂರದೂರದಿಂದ ಜನ ಬರುತ್ತಾರೆ. ಅಲ್ಲಿಗೆ ಹೋಗುವುದಾದರೆ ಆಮೇಲೆ ಹೋಗಿ. ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದ ಮೊದಲ ನಾಲ್ಕೂವರೆ ಗಂಟೆ ಮಾತ್ರ ಆಸ್ಪತ್ರೆಗೆ ಸೇರಿದ್ದು. ಸಿಟಿ ಸ್ಕ್ಯಾನ್ ಮಾಡಿ, ರಕ್ತ ಹೆಪ್ಪುಗಟ್ಟಿದ್ದರೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ಅಷ್ಟೇ. ಘಟ್ಟದ ರಸ್ತೆಯಲ್ಲಿ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಬೇರೆ ಬಾಗಿಲು ತಟ್ಟಲು ಪುರುಸೊತ್ತಿಲ್ಲ.

2. ಗಿಡದ ಹೆಸರು ಕೇಳಿ, ಎಲೆ ಕೈಯಲ್ಲಿ ಹಿಡಿದು ನೋಡಿ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಕಷ್ಟದ್ದೂ ಇದೇ. "ಹೆಸರು ಹೇಳಿದರೆ ಮದ್ದು ಹಿಡಿಯುವುದಿಲ್ಲ" ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಗುಟ್ಟು ಕಾಪಾಡಿಕೊಳ್ಳಲು ಹಿಂದಿನವರು ಮಾಡಿಕೊಂಡ ಕ್ರಮ ಇರಬಹುದು. ಕಾಡಿನ ಗಿಡವನ್ನು ಎಲ್ಲರೂ ಕಿತ್ತು ಮುಗಿಸದಿರಲಿ ಅಂತಲೂ ಇರಬಹುದು. ಆದರೆ ಎಲೆಯೊಳಗಿನ ರಸಕ್ಕೆ ಯಾರು ಹೆಸರು ಹೇಳಿದರು, ಯಾರು ಹೇಳಲಿಲ್ಲ ಅಂತ ತಿಳಿಯುವುದಿಲ್ಲ. ಹೆಸರು ಮುಚ್ಚಿಟ್ಟರೆ ನಷ್ಟ ರೋಗಿಗೇ. ಏನಾದರೂ ಹೆಚ್ಚುಕಮ್ಮಿ ಆದಾಗ ಏನು ಕುಡಿದಿದ್ದಾರೆ ಅಂತ ಡಾಕ್ಟರಿಗೆ ಹೇಳಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ಜಗಳ ಮಾಡಬೇಕಾಗಿಲ್ಲ. ನಾನು ಹೀಗೆ ಕೇಳುತ್ತೇನೆ: "ಅಜ್ಜಾ, ಆಯಿ ಬಿಪಿ ಮಾತ್ರೆ ತಗೊಳ್ತಾಳೆ, ಡಾಕ್ಟ್ರಿಗೆ ಹೇಳ್ಬೇಕಾಗ್ತದೆ. ಹೆಸರು ಬೇಡ ಅಂದ್ರೆ ಒಂದು ಟೊಂಗೆ ಕೊಡಿ." ಎಲೆ, ಹೂ ಇರುವ ಟೊಂಗೆ ಸಿಕ್ಕರೆ ಎಲೆಯ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಶಿರಸಿಯ ಅರಣ್ಯ ಕಾಲೇಜಿನಲ್ಲಿ, ಕಾರವಾರ, ಕುಮಟಾ ಕಡೆಯ ಕಾಲೇಜುಗಳ ಸಸ್ಯಶಾಸ್ತ್ರ ಕಲಿಸುವವರಲ್ಲಿ ಗುರುತಿಸಬಲ್ಲವರು ಸಿಗುತ್ತಾರೆ. ಮೊಬೈಲ್ ಆ್ಯಪ್ ಹೇಳಿದ ಹೆಸರನ್ನು ನಂಬಿ ಹೊಟ್ಟೆಗೆ ಮಾತ್ರ ಹಾಕಬೇಡಿ. ನನ್ನ ಅನುಭವದಲ್ಲಿ ಒಳ್ಳೆಯ ನಾಟಿ ವೈದ್ಯರು ಹೆಸರು ಹೇಳುತ್ತಾರೆ. ನಿಮ್ಮ ಮಾತ್ರೆಗಳ ಬಗ್ಗೆ ಅವರೇ ಕೇಳುತ್ತಾರೆ, "ಇದು ನನ್ನ ಕೈಲಾಗುವುದಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂತ ಹೇಳಲು ಹಿಂಜರಿಯುವುದಿಲ್ಲ. ಹೆಸರೂ ಇಲ್ಲ, ಎಲೆಯೂ ಇಲ್ಲ, "ಸುಮ್ನೆ ಕುಡಿ" ಅಂದರೆ ಆ ಮದ್ದು ಬೇಡ. ಗೌರವದಿಂದಲೇ ಬೇಡ ಅನ್ನಬಹುದು.

ಹೆಸರು ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹವ್ಯಕರ ಮನೆಯಲ್ಲಿ ಒಂದು ಹೆಸರು, ಹಾಲಕ್ಕಿಗಳಲ್ಲಿ ಒಂದು, ಕಾರವಾರದ ಕೊಂಕಣಿಯಲ್ಲಿ ಇನ್ನೊಂದು. ಬ್ರಾಹ್ಮಿ ಅಂದರೆ ಒಬ್ಬರಿಗೆ ಒಂದೆಲಗ, ಇನ್ನೊಬ್ಬರಿಗೆ ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಗಿಡ. ಇದು ತಂಬುಳಿಯ ಮಟ್ಟದಲ್ಲಿ ನಡೆದುಹೋಗುತ್ತದೆ. ಕೆಲವು ಕಡೆ ನಡೆಯುವುದಿಲ್ಲ.

ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮುಂಚೆ, ಲೋಹ ತಾಗಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ ತರಬೇಕು ಅಂತ ಪದ್ಧತಿ. ಕತ್ತಲಲ್ಲಿ ಹಾಲೆಯ ಬದಲು ಕಾಸರಕದ ಮರಕ್ಕೆ ಕೈ ಹಾಕಿದರೆ? ಕಾಸರಕದಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಜಾಸ್ತಿ ಹೊಟ್ಟೆಗೆ ಹೋದರೆ ಅರ್ಧ ಗಂಟೆಯೊಳಗೇ ಮೈ ಸೆಟೆದು ಉಸಿರು ಕಟ್ಟಬಹುದು. ನಮ್ಮ ಜಿಲ್ಲೆಯ ಬೇಣ, ಕಾಡುಗಳಲ್ಲಿ ಎರಡೂ ಮರ ಇವೆ. ಗುರುತು ಕಷ್ಟವೇನಲ್ಲ. ಹಾಲೆಯ ತೊಗಟೆ ಕೆತ್ತಿದರೆ ಬಿಳಿ ಹಾಲು ಬರುತ್ತದೆ, ಎಲೆಗಳು ಒಂದೇ ಕಡೆಯಿಂದ ಏಳೆಂಟು ಸುತ್ತಲೂ ಹರಡಿಕೊಂಡಿರುತ್ತವೆ. ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಜೋಡಿ ಜೋಡಿ, ಕಾಯಿ ಹಣ್ಣಾದಾಗ ಪುಟ್ಟ ಕಿತ್ತಳೆಯ ಹಾಗೆ ಕಾಣುತ್ತದೆ. ಹಿಂದಿನ ದಿನ ಹಗಲಲ್ಲಿ ಹೋಗಿ ಮರ ನೋಡಿ, ಗುರುತು ಮಾಡಿಟ್ಟು ಬನ್ನಿ. ಪದ್ಧತಿಗೂ ಭಂಗವಿಲ್ಲ.

ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಕಾಡಿನ ಮರಗಿಡಗಳನ್ನು ಬೀಜದಿಂದಲೇ ಬಲ್ಲವರಾಗಿದ್ದರು. ಪದ್ಮಶ್ರೀ ಪಡೆದ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕಣ್ಣುಗಳು ಕಡಿಮೆಯಾಗುತ್ತಿವೆ. ಕಾಡಲ್ಲಿ ಐವತ್ತು ವರ್ಷ ಓಡಾಡಿದ ಅಜ್ಜ ತಂದ ಬೇರಿಗೂ, ಮೊಮ್ಮಗ ವಿಡಿಯೋ ನೋಡಿ ತಂದ ಬೇರಿಗೂ ಒಂದೇ ನಂಬಿಕೆ ಇಡಲಾಗದು.

ಇನ್ನೊಂದು ಬಳ್ಳಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಈಶ್ವರಿ ಬಳ್ಳಿ. ಹೊಟ್ಟೆನೋವಿಗೆ, ಜ್ವರಕ್ಕೆ, ಹಾವಿನ ವಿಷಕ್ಕೆ ಅಂತ ಇದರ ಬೇರು ತೇಯ್ದು ಕೊಡುವವರಿದ್ದಾರೆ. ನಮ್ಮ ರಾಜ್ಯದ ಚಿಟ್ಟೆ ಅನ್ನಿಸಿಕೊಂಡ ದೊಡ್ಡ ಕಪ್ಪು-ಹಳದಿ ಬರ್ಡ್‌ವಿಂಗ್ ಇದೆಯಲ್ಲ, ಅದರ ಹುಳು ತಿಂದು ಬೆಳೆಯುವುದು ಈ ಬಳ್ಳಿ ಮತ್ತು ಇದರ ನಂಟಿನ ಗಿಡಗಳ ಎಲೆಯನ್ನೇ. ಎಲೆಯ ವಿಷವನ್ನು ಮೈಯಲ್ಲಿ ಇಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಆ ವಿಷದ ಹೆಸರು ಅರಿಸ್ಟೊಲೋಕಿಕ್ ಆಮ್ಲ. ಮನುಷ್ಯರ ಕಿಡ್ನಿಯನ್ನು ಅದು ಹಾಳು ಮಾಡುತ್ತದೆ. ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಸಂಶಯವಿಲ್ಲದ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಸೇರಿಸಿದೆ.

ಇದು ಪ್ರಪಂಚಕ್ಕೆ ಗೊತ್ತಾದದ್ದೂ ಹೆಸರಿನ ಗೊಂದಲದಿಂದ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನಾದ ಗಿಡಮೂಲಿಕೆಯ ಪುಡಿ ಕೊಡುತ್ತಿದ್ದರು. ಹಾಕಬೇಕಾಗಿದ್ದ ಬೇರಿನ ಹೆಸರಿಗೂ ಈಶ್ವರಿ ಬಳ್ಳಿಯ ಜಾತಿಯ ಇನ್ನೊಂದು ಬೇರಿನ ಹೆಸರಿಗೂ ಚೀನೀ ಭಾಷೆಯಲ್ಲಿ ಒಂದಕ್ಷರದ ಫರಕು. ಅದಲುಬದಲಾಯಿತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಕೆಟ್ಟಿತು, ಅವರಲ್ಲಿ ಹೆಚ್ಚಿನವರು ಹೆಂಗಸರು. ಪುಡಿ ನಿಲ್ಲಿಸಿದ ಮೇಲೂ ಹಲವರಿಗೆ ಹಾನಿ ಮುಂದುವರಿಯಿತು. "ತಲೆತಲಾಂತರದಿಂದ ಕೊಡ್ತಾ ಬಂದಿದ್ದೇವೆ, ಯಾರಿಗೂ ಏನೂ ಆಗಿಲ್ಲ" ಅನ್ನುವ ಮಾತು ಇಲ್ಲಿ ಸೋಲುತ್ತದೆ. ಕುಡಿದ ರಾತ್ರಿ ವಾಂತಿಯಾದರೆ ಎಲ್ಲರಿಗೂ ತಿಳಿಯುತ್ತದೆ. ಹತ್ತು ವರ್ಷದ ಮೇಲೆ ಕಿಡ್ನಿ ಹೋದರೆ ಅಂದಿನ ಬೇರಿನ ನೆನಪು ಯಾರಿಗಿರುತ್ತದೆ? ಈಶ್ವರಿ ಬಳ್ಳಿಯನ್ನು ಚಿಟ್ಟೆಗೆ ಬಿಡಿ.

3. ಯಾವ ಭಾಗ, ಎಷ್ಟು, ಯಾವ ರೂಪದಲ್ಲಿ

ಶಿರಸಿ, ಸಿದ್ದಾಪುರದವರಿಗೆ ಉಪ್ಪಾಗೆ ಗೊತ್ತು. ಒಣಗಿಸಿದ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ಅದೇ ಉಪ್ಪಾಗೆಯ ಸಾರ ಹೊರದೇಶಗಳಲ್ಲಿ ಗಾರ್ಸಿನಿಯಾ ಎಂಬ ಹೆಸರಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗುತ್ತದೆ. ಈಗ ಅದು ತಿರುಗಿ ನಮ್ಮ ಮೊಬೈಲಿಗೇ ಜಾಹೀರಾತಾಗಿ ಬರುತ್ತಿದೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಉಪ್ಪಾಗೆಯ ಸಾರ ತಿಂದವರ ತೂಕ, ಹೋಲಿಸಿ ನೋಡಲು ಕೊಟ್ಟ ಔಷಧವೇ ಇಲ್ಲದ ಸುಳ್ಳು ಮಾತ್ರೆ ತಿಂದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಇಂಥ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಹಾಗಂತ ಸಾರಿಗೆ ಹಾಕುವ ಎರಡು ಎಸಳು ಸಿಪ್ಪೆಗೆ ಹೆದರಬೇಕಾಗಿಲ್ಲ. ಊಟದಲ್ಲಿ ಬರುವ ಪ್ರಮಾಣ ಬೇರೆ, ಸಾರ ಇಳಿಸಿ ಗುಳಿಗೆಯಲ್ಲಿ ತುಂಬಿದ ಪ್ರಮಾಣ ಬೇರೆ.

"ಅಡುಗೆಮನೆಯದು, ಎಷ್ಟು ತಗೊಂಡರೂ ಆಗ್ತದೆ" ಎನ್ನುವುದು ಇದಕ್ಕೇ ತಪ್ಪು. ಅರಿಶಿನ ಒಗ್ಗರಣೆಗೆ ಒಂದು ಚಿಟಿಕೆ, ಕ್ಯಾಪ್ಸೂಲಿನಲ್ಲಿ ಅದರ ಎಷ್ಟೋ ಪಟ್ಟು. ನಮ್ಮ ತೋಟದ ಜಾಯಿಕಾಯಿ ಪಾಯಸಕ್ಕೆ ತುರಿದರೆ ಪರಿಮಳ. ಒಂದೆರಡು ಚಮಚ ಪುಡಿ ಒಟ್ಟಿಗೇ ಹೊಟ್ಟೆಗೆ ಹೋದರೆ ದೊಡ್ಡವರಿಗೂ ಎದೆ ಡವಗುಟ್ಟುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ.

ಅಳತೆ ಕೇಳುವಾಗ "ಒಂದು ಹಿಡಿ", "ಒಂದು ತುಂಡು" ಅಂದರೆ ಬಿಡಬೇಡಿ. ಯಾರ ಹಿಡಿ? ಎಷ್ಟು ಬೆರಳುದ್ದದ ತುಂಡು? ದಿನಕ್ಕೆ ಎಷ್ಟು ಸಲ, ಎಷ್ಟು ದಿನ? ನಿಲ್ಲಿಸುವುದು ಯಾವಾಗ ಅನ್ನುವುದನ್ನು ಮರೆಯದೆ ಕೇಳಿ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿಯ ಕಷಾಯವನ್ನು ಜನ ತಿಂಗಳುಗಟ್ಟಲೆ ಕುಡಿದರು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಅಮೃತಬಳ್ಳಿಯಿಂದ ಲಿವರ್‌ಗೆ ತೊಂದರೆಯಾದ 43 ಜನರ ವಿವರ ಕೊಟ್ಟಿದ್ದಾರೆ. ಆಯುಷ್ ಸಚಿವಾಲಯ ಅದಕ್ಕೂ ಮುಂಚೆ ಬಂದ ಇಂಥದೇ ವರದಿಯನ್ನು ಒಪ್ಪಲಿಲ್ಲ. ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ಮನೆಯಲ್ಲಿ ಕುಡಿಯುವ ನಮಗೆ ಎರಡೂ ಕಡೆಯ ಮಾತಿನಿಂದ ಕಲಿಯುವುದು ಒಂದೇ: ಬಳ್ಳಿ ಯಾವುದು ಅಂತ ಖಚಿತ ಇರಲಿ, ದಿನಗಟ್ಟಲೆ ಕುಡಿಯುವುದು ಬೇಡ. ಥೈರಾಯ್ಡ್, ಸಂಧಿವಾತದಂಥ ತೊಂದರೆ ಮೊದಲೇ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟುವುದೂ ಬೇಡ.

4. ಕುಡಿಯುವವರು ಯಾರು

ದೊಡ್ಡವರಿಗೆ ಆಗುವುದು ಕೂಸಿಗೆ ಆಗುವುದಿಲ್ಲ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ. ಇದನ್ನು ಹೇಳಿದರೆ ನಮ್ಮ ಕಡೆ ಹಿರಿಯರಿಗೆ ಬೇಸರವಾಗುತ್ತದೆ, ನನಗೂ ಗೊತ್ತು. ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ನಿದ್ದೆ ಬರಲಿ ಅಂತ ಜಾಯಿಕಾಯಿ ತೇಯುವುದು ಎಲ್ಲವೂ ಪ್ರೀತಿಯಿಂದಲೇ ಮಾಡುವಂಥದ್ದು. ಆದರೆ ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಒಂದು ವರ್ಷದೊಳಗಿನ ಮಗುವಿನ ಕರುಳಲ್ಲಿ ಬೆಳೆದು ಮೈಯೆಲ್ಲ ಸೋತುಹೋಗುವಂತೆ ಮಾಡಬಲ್ಲದು. ಕಾಡಿನ ಅಪ್ಪಟ ಜೇನಾದರೂ ಅಷ್ಟೇ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಇದೆ. ಅದರಿಂದಾಗಿ ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಬಜೆ ಬಳಸುವುದನ್ನು ನಿಲ್ಲಿಸಿದರು. ಅತ್ತೆಯ ಜೊತೆ ವಾದ ಮಾಡಲು ಬಾಣಂತಿಗೆ ಆಗದಿದ್ದರೆ ಆಶಾ ಕಾರ್ಯಕರ್ತೆಯಿಂದಲೋ ಡಾಕ್ಟರಿಂದಲೋ ಹೇಳಿಸಿ.

ಬಸುರಿಯರು ಊಟದ ಪ್ರಮಾಣ ಮೀರಿದ ಯಾವ ಸೊಪ್ಪು ಬೇರನ್ನೂ ಕೇಳದೆ ತೆಗೆದುಕೊಳ್ಳಬಾರದು. ಕಿಡ್ನಿ, ಲಿವರ್ ತೊಂದರೆ ಇದ್ದವರೂ ಅಷ್ಟೇ.

5. ಮಾತ್ರೆ, ಕಷಾಯ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ

ದೊಡ್ಡಪ್ಪನ ಘಟನೆ ಆದಮೇಲೆ ನಾವು ಮಾಡಿದ ಮೊದಲ ಕೆಲಸ ಇದು. ಒಂದು ಹಾಳೆ, ಮಧ್ಯೆ ಗೆರೆ. ಎಡಕ್ಕೆ ಡಾಕ್ಟರು ಕೊಟ್ಟ ಮಾತ್ರೆಗಳು, ಬಲಕ್ಕೆ ಉಳಿದದ್ದೆಲ್ಲ. ರಸ, ಪುಡಿ, ಲೇಹ್ಯ, ಎಣ್ಣೆ, ಟಾನಿಕ್, ಪ್ರೋಟೀನ್ ಡಬ್ಬಿ. ಶುರುಮಾಡಿದ ತಾರೀಖು ಪಕ್ಕದಲ್ಲಿ. ಈ ಹಾಳೆ ಗ್ಲುಕೋಮೀಟರಿನ ಪೆಟ್ಟಿಗೆಯಲ್ಲೇ ಇರುತ್ತದೆ, ಆಸ್ಪತ್ರೆಗೆ ಹೋಗುವಾಗ ಜೊತೆಗೇ ಹೋಗುತ್ತದೆ.

"ಎರಡು ಗಂಟೆ ಬಿಟ್ಟು ತಗೊಂಡರೆ ಏನೂ ಆಗುವುದಿಲ್ಲ" ಅಂತ ಹೇಳುವವರು ತುಂಬ ಜನ. ಬೆಳಿಗ್ಗೆ ನುಂಗಿದ ಬಿಪಿ ಮಾತ್ರೆ ಸಂಜೆಯೂ ರಕ್ತದಲ್ಲಿರುತ್ತದೆ. ಅಷ್ಟು ಹೊತ್ತು ಇರಲಿ ಅಂತಲೇ ಅದನ್ನು ಮಾಡಿದ್ದು. ಎರಡು ಗಂಟೆಯ ಅಂತರದಿಂದ ಹೊಟ್ಟೆಯಲ್ಲಿ ಬೆರೆಯುವುದು ತಪ್ಪಬಹುದು, ರಕ್ತದಲ್ಲಿ ಭೇಟಿಯಾಗುವುದು ತಪ್ಪುವುದಿಲ್ಲ.

ಕೆಲವು ಜೋಡಿಗಳನ್ನು ನೆನಪಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಹಾಗಲ ರಸ, ಮಧುನಾಶಿನಿ ಆದರೆ ಸಕ್ಕರೆ ಕುಸಿಯಬಹುದು. ಹಾಗಲಕಾಯಿ ಪಲ್ಯ ಊಟದ ಜೊತೆ ತಿನ್ನುವುದಕ್ಕೆ ತಕರಾರಿಲ್ಲ. ಕೆಮ್ಮಿಗೆ ಜೇಷ್ಠಮಧು ಎರಡು ದಿನ ಅಗಿದರೆ ಸರಿ, ವಾರಗಟ್ಟಲೆ ಆದರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಬಿಪಿ ಮತ್ತು ಹೃದಯದ ಮಾತ್ರೆಯವರಿಗೆ ಇದು ಅಪಾಯ. ರಕ್ತ ತೆಳುವಾಗಿಸುವ ಮಾತ್ರೆಯವರು ಬೆಳ್ಳುಳ್ಳಿ, ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಂಡರೆ ರಕ್ತಸ್ರಾವದ ಭಯ. ಅಶ್ವಗಂಧ ಥೈರಾಯ್ಡ್ ಮಾತ್ರೆಯ ಲೆಕ್ಕ ತಪ್ಪಿಸಬಹುದು. ಆಪರೇಷನ್ ಇದ್ದರೆ ಎರಡು ವಾರ ಮುಂಚೆಯೇ ಹಾಳೆಯನ್ನು ಡಾಕ್ಟರಿಗೆ ತೋರಿಸಿ.

ಡಾಕ್ಟರು ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಬೈದರೆ ಬೈಯಲಿ. ಮದ್ದು ಶುರು ಮಾಡಿದ ಉಮೇದಿನಲ್ಲಿ ಫಿಟ್ಸ್, ಬಿಪಿ, ಥೈರಾಯ್ಡ್, ಇನ್ಸುಲಿನ್ ಯಾವುದನ್ನೂ ತಾವಾಗಿ ನಿಲ್ಲಿಸಲೂ ಬೇಡಿ.

6. ಅಂಗಡಿಯ ಡಬ್ಬಿ, ಹೆಸರಿಲ್ಲದ ಪೊಟ್ಟಣ

ಡಬ್ಬಿಯಾದರೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ನೋಡಿ. ವಿಷಗುಣದ ವಸ್ತು ಸೇರಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಬರೆದಿರಬೇಕು ಅಂತ ಕಾನೂನಿದೆ. ಅದನ್ನು ಓದಿಯೂ ತಾವಾಗಿ ತಿನ್ನುವವರಿದ್ದಾರೆ. ಭಸ್ಮ, ರಸೌಷಧಗಳು ಬರೀ ಗಿಡದ್ದಲ್ಲ, ಲೋಹದ್ದು. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಓದಿದ ಆಯುರ್ವೇದ ವೈದ್ಯರು ನೋಡಿ ಬರೆದುಕೊಡದೆ ಭಸ್ಮ ಮುಟ್ಟಬೇಡಿ.

ಸಕ್ಕರೆ ಕಾಯಿಲೆ, ಕ್ಯಾನ್ಸರ್ ಪೂರ್ತಿ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ. ಹಾಗೆ ಬರೆದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಲೇಬಲ್ ಇಲ್ಲದ ಮಂಡಿನೋವಿನ ಪುಡಿಯ ಬಗ್ಗೆ ನನಗೆ ಹೆಚ್ಚು ಭಯ. ಹತ್ತು ವರ್ಷದ ನೋವು ಎರಡೇ ದಿನದಲ್ಲಿ ಮಾಯವಾದರೆ ಖುಷಿಪಡುವ ಮುಂಚೆ ಸಂಶಯಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮುಖ ಊದಿಕೊಂಡು ಗುಂಡಗಾಗುವುದು, ಹಸಿವು ಜಾಸ್ತಿಯಾಗುವುದು, ಸಕ್ಕರೆ ಬಿಪಿ ಏರುವುದು ಅದರ ಗುರುತು. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

7. ಶುರು ಮಾಡಿದ ಮೇಲೆ

ಒಂದು ಸಲಕ್ಕೆ ಒಂದೇ ಹೊಸ ಮದ್ದು. ಎರಡು ಮೂರು ಒಟ್ಟಿಗೆ ಶುರು ಮಾಡಿದರೆ ಯಾವುದು ತಾಗಿತು, ಯಾವುದು ತಾಗಲಿಲ್ಲ ಅಂತ ತಿಳಿಯುವುದಿಲ್ಲ.

ಮೈ ತುರಿಕೆ, ದದ್ದು, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿ, ತುಂಬ ಸುಸ್ತು, ಮೂತ್ರ ಕಡಿಮೆಯಾಗುವುದು, ಕಾಲು ಊತ, ಎದೆಬಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. "ಮದ್ದು ಕೆಲಸ ಮಾಡ್ತಾ ಇದೆ, ಒಳಗಿನ ವಿಷ ಹೊರಗೆ ಬರ್ತಾ ಇದೆ, ಇನ್ನೂ ನಾಲ್ಕು ದಿನ ಕುಡಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಿಡದೆ ವಾಂತಿ, ಭೇದಿ ಆಗುತ್ತಿದ್ದರೆ ಅದು ತೊಂದರೆ, ಅಷ್ಟೇ.

ಮೈ ಸೆಟೆಯುವುದು, ಮಂಪರು, ಉಸಿರಾಟದ ಕಷ್ಟ ಕಂಡರೆ 108ಕ್ಕೆ ಕರೆ ಮಾಡಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರಾಗಲಿ, ಸಕ್ಕರೆಯಾಗಲಿ ಏನನ್ನೂ ಹಾಕಬೇಡಿ. ಹೆದರಿಕೆಯಲ್ಲಿ ಮನೆಯವರು ಮೊದಲು ಮಾಡುವ ಕೆಲಸ ಪಾತ್ರೆ ತೊಳೆದಿಡುವುದು. ತೊಳೆಯಬೇಡಿ. ಉಳಿದ ಕಷಾಯವನ್ನು ಬಾಟಲಿಗೆ ಹಾಕಿ, ಸೋಸಿದ ಚರಟ, ಬೇರಿನ ತುಂಡು, ಟೊಂಗೆ ಎಲ್ಲವನ್ನೂ ಒಂದು ಚೀಲದಲ್ಲಿ ಹಿಡಿದುಕೊಂಡೇ ಆಂಬುಲೆನ್ಸ್ ಹತ್ತಿ.

ರೋಗಿ ಸುಧಾರಿಸಿದ ಮೇಲೆ 1800-180-3024ಕ್ಕೆ ಒಂದು ಕರೆ ಮಾಡಿ. ಔಷಧಿಗಳ ಅಡ್ಡಪರಿಣಾಮ ದಾಖಲಿಸಿಕೊಳ್ಳುವ ಕೇಂದ್ರ ಸರ್ಕಾರದ ಉಚಿತ ಸಂಖ್ಯೆ ಅದು. ಯಾವ ಮದ್ದು, ಎಷ್ಟು ದಿನ, ಏನಾಯಿತು ಅಂತ ಅವರು ಕೇಳುತ್ತಾರೆ. ಆ ಹಾಳೆಯನ್ನು ನೋಡಿಕೊಂಡು ಹೇಳಿದರಾಯಿತು.